ವಿಹಾರದ ಮೋಟಾರು ದೋಣಿಯಲ್ಲಿ ವಿದ್ಯುತ್ ನಿಂತಾಗ ದೋಷ ಹುಡುಕುವ ಕ್ರಮ

ವಿಹಾರದ ಮೋಟಾರು ದೋಣಿಯಲ್ಲಿ ದೀಪ, ಪಂಪು, ಎಂಜಿನ್ ಎಲ್ಲವೂ ಒಮ್ಮೆಲೇ ಸ್ತಬ್ಧವಾದಾಗ ಹೆಚ್ಚಿನವರ ಅನುಮಾನ ಮೊದಲು ಹೋಗುವುದು ಬ್ಯಾಟರಿಯ ಮೇಲೆ. ಆ ಅನುಮಾನ ಕೆಲವೊಮ್ಮೆ ನಿಜವೂ ಆಗಿರುತ್ತದೆ. ಆದರೆ ತೇವ, ಉಪ್ಪು ಮತ್ತು ಎಡೆಬಿಡದ ಅಲುಗಾಟ ಸೇರಿ ದೋಣಿಯಲ್ಲಿ ಮೊದಲು ಕೆಡಿಸುವುದು ತಂತಿಗಳು ಕೂಡುವ ಜಾಗಗಳನ್ನು. ಅಲ್ಲಿನ ದೋಷವನ್ನು ಹಾಗೆಯೇ ಬಿಟ್ಟು ಹೊಸ ಬ್ಯಾಟರಿ ಕೂರಿಸಿದರೆ ಹಣವೂ ಹೋಗುತ್ತದೆ, ತೊಂದರೆಯೂ ಉಳಿಯುತ್ತದೆ. ಇಂಥ ಕೆಟ್ಟ ಜೋಡಣೆ ಮೀಟರಿಗೂ ಸುಲಭವಾಗಿ ಸಿಕ್ಕಿಬೀಳುವುದಿಲ್ಲ ಎಂಬುದು ಇನ್ನೊಂದು ತೊಡಕು. ಯಾವ ಉಪಕರಣವೂ ಓಡದೆ ಇರುವಾಗ ಅಳೆದರೆ ಎಲ್ಲ ಕಡೆಯೂ 12 ವೋಲ್ಟಿಗಿಂತ ಹೆಚ್ಚೇ ತೋರಿಸಬಹುದು. ಆದ್ದರಿಂದ ಬ್ಯಾಟರಿಯಿಂದ ಹೊರಟು, ಯಾವುದಾದರೊಂದು ಉಪಕರಣದ ಸ್ವಿಚ್ಚನ್ನು ಹಾಕಿಟ್ಟುಕೊಂಡೇ, ಒಂದೊಂದು ಜೋಡಣೆಯನ್ನೂ ಅಳೆಯುತ್ತ ವೋಲ್ಟೇಜ್ ಎಲ್ಲಿ ಕುಸಿಯುತ್ತದೆ ಎಂಬುದನ್ನು ಕಂಡುಹಿಡಿಯಬೇಕು. ಇಲ್ಲಿ ಹೇಳಿರುವುದು 12 ವೋಲ್ಟಿನ ಡಿಸಿ ವ್ಯವಸ್ಥೆಗೆ ಅನ್ವಯಿಸುತ್ತದೆ.

ಮೀಟರ್ ಕೈಗೆತ್ತಿಕೊಳ್ಳುವ ಮೊದಲು

ದೋಣಿ ನೀರಿನ ನಡುವೆ ನಿಂತಿದ್ದರೆ ಮೊದಲು ಎಲ್ಲರೂ ಜೀವರಕ್ಷಕ ಜಾಕೆಟ್ ತೊಟ್ಟಿರುವುದನ್ನು ಖಚಿತಪಡಿಸಿಕೊಂಡು ಲಂಗರು ಹಾಕಬೇಕು. ದೋಣಿಗೆ ಅಳವಡಿಸಿದ ರೇಡಿಯೊ ಈಗ ಕೆಲಸ ಮಾಡಲಾರದು. ಅದಕ್ಕಾಗಿಯೇ ಸ್ವಂತ ಬ್ಯಾಟರಿಯುಳ್ಳ, ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೊ ಒಂದು ಜೊತೆಗಿರಬೇಕು. ಅಪಾಯದ ಕರೆಗೆ ಅದರ 16ನೆಯ ಚಾನೆಲ್ ಮೀಸಲಾಗಿದೆ.

ಆಮೇಲೆ ಎಂಜಿನ್ ಮುಚ್ಚಳವನ್ನು ತೆರೆದು ಪೆಟ್ರೋಲಿನ ವಾಸನೆ ಇದೆಯೇ ಎಂದು ನೋಡಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ಬಿಲ್ಜ್ ಎಂದು ಕರೆಯುವ ದೋಣಿಯ ತಳದಲ್ಲಿ ಸೇರಿಕೊಳ್ಳುತ್ತದೆ, ಮತ್ತು ಅದನ್ನು ಹೊರಹಾಕಬೇಕಾದ ಬ್ಲೋವರ್ ವಿದ್ಯುತ್ತಿಲ್ಲದೆ ನಿಂತಿರುತ್ತದೆ. ವಾಸನೆ ಬಂದರೆ ಯಾವ ತಂತಿಯನ್ನೂ ಬಿಚ್ಚಬಾರದು, ಯಾವ ಸ್ವಿಚ್ಚನ್ನೂ ಹಾಕಬಾರದು. ಮುಚ್ಚಳಗಳನ್ನೆಲ್ಲ ತೆರೆದಿಟ್ಟು, ಸೋರಿಕೆಯನ್ನು ನಿಲ್ಲಿಸಿ, ವಾಸನೆ ಪೂರ್ತಿ ಹೋದ ಮೇಲಷ್ಟೇ ಮುಂದುವರಿಯಬೇಕು. ಅದೇ ಸಮಯದಲ್ಲಿ ಬಿಲ್ಜ್‌ನಲ್ಲಿ ನೀರು ಎಷ್ಟಿದೆ ಎಂಬುದನ್ನೂ ನೋಡುವುದು ಅತ್ಯಗತ್ಯ. ಎಲ್ಲೋ ನೀರು ಒಳಬರುತ್ತಿದ್ದು, ಬಿಲ್ಜ್ ಪಂಪು ಗಂಟೆಗಟ್ಟಲೆ ಓಡಿ ಬ್ಯಾಟರಿಯನ್ನು ಬರಿದು ಮಾಡಿರುವ ಸಾಧ್ಯತೆ ಇರುತ್ತದೆ. ಹಾಗಿದ್ದರೆ ವಿದ್ಯುತ್ತಿನ ವಿಚಾರವನ್ನು ಬದಿಗಿಟ್ಟು ಮೊದಲು ನೀರನ್ನು ತಡೆಯಬೇಕಾಗುತ್ತದೆ.

ಕೈಯ ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರಗಳನ್ನು ತೆಗೆದಿಡಬೇಕು. 12 ವೋಲ್ಟ್ ಮೈಗೆ ಶಾಕ್ ಹೊಡೆಯುವುದು ವಿರಳವಾದರೂ, ಪಾಸಿಟಿವ್ ಮತ್ತು ನೆಗೆಟಿವ್ ನಡುವೆ ಸಿಲುಕಿದ ಉಂಗುರ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ.

ಬ್ಯಾಟರಿ ಮತ್ತು ಅದರ ಟರ್ಮಿನಲ್

ನಿಂತುಹೋದದ್ದು ಇಡೀ ದೋಣಿಯೋ, ಎಂಜಿನ್ ಮಾತ್ರವೋ ಅಥವಾ ಒಂದೇ ಒಂದು ಉಪಕರಣವೋ ಎಂಬುದನ್ನು ಮೊದಲು ವಿಂಗಡಿಸಿಕೊಂಡರೆ ಅರ್ಧ ಕೆಲಸ ಕಡಿಮೆಯಾಗುತ್ತದೆ. ಒಂದೇ ಉಪಕರಣ ನಿಂತಿದ್ದರೆ ಅದರ ಫ್ಯೂಸಿನಿಂದ ಹುಡುಕಾಟ ಶುರುವಾಗಬೇಕು. ಎಲ್ಲವೂ ನಿಂತಿದ್ದರೆ ಬ್ಯಾಟರಿಯಿಂದ.

ಹಲವು ಗಂಟೆ ವಿಶ್ರಾಂತಿಯಲ್ಲಿದ್ದ ಸೀಸ-ಆಮ್ಲದ ಬ್ಯಾಟರಿ ಪೂರ್ಣ ಚಾರ್ಜ್ ಆಗಿದ್ದರೆ ಸುಮಾರು 12.6ರಿಂದ 12.7 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ ಖಾಲಿಯಾಗಿದೆ ಎಂದರ್ಥ. 12ಕ್ಕಿಂತ ಕೆಳಗಿದ್ದರೆ ಅದನ್ನು ಚಾರ್ಜ್ ಮಾಡದೆ ಮುಂದಿನ ಯಾವ ಪರೀಕ್ಷೆಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಲಿಥಿಯಂ ಬ್ಯಾಟರಿಗೆ ಈ ಅಂಕಿಗಳು ಹೊಂದುವುದಿಲ್ಲ. ಅದರೊಳಗಿನ ರಕ್ಷಣಾ ಸರ್ಕ್ಯೂಟು ತಾನಾಗಿಯೇ ಸಂಪರ್ಕ ಕಡಿದುಕೊಂಡಿದ್ದರೆ ಟರ್ಮಿನಲ್‌ನಲ್ಲಿ ವೋಲ್ಟೇಜ್ ಸೊನ್ನೆಯ ಹತ್ತಿರ ಕಾಣುತ್ತದೆ, ಮತ್ತು ಎಲ್ಲ ಉಪಕರಣಗಳನ್ನೂ ಬೇರ್ಪಡಿಸಿ ಸೂಕ್ತ ಚಾರ್ಜರ್ ಜೋಡಿಸಿದಾಗ ಹಲವು ಸಲ ಅದು ಮತ್ತೆ ಎಚ್ಚರಗೊಳ್ಳುತ್ತದೆ.

ಅಳೆಯುವಾಗ ಮೀಟರಿನ ಮೊನೆಯನ್ನು ಮೊದಲು ಬ್ಯಾಟರಿಯ ಸೀಸದ ಕಂಬದ ಮೇಲೇ ಇಡಬೇಕು, ಅದನ್ನು ಅಪ್ಪಿಕೊಂಡಿರುವ ಕೇಬಲಿನ ಕ್ಲ್ಯಾಂಪಿನ ಮೇಲಲ್ಲ. ಬಳಿಕ ದೀಪಗಳನ್ನೆಲ್ಲ ಹಾಕಿ ಒಂದು ಮೊನೆ ಕಂಬದ ಮೇಲೆ, ಇನ್ನೊಂದು ಅದೇ ಕಂಬದ ಕ್ಲ್ಯಾಂಪಿನ ಮೇಲೆ ಇಟ್ಟು ನೋಡಬೇಕು. ಸರಿಯಾದ ಜೋಡಣೆಯಲ್ಲಿ ಮೀಟರ್ ಸೊನ್ನೆಗೆ ಅಂಟಿಕೊಂಡಿರುತ್ತದೆ. ಅಲ್ಲಿ ಅರ್ಧ ವೋಲ್ಟೋ ಒಂದು ವೋಲ್ಟೋ ಕಂಡರೆ, ಹೊರನೋಟಕ್ಕೆ ಹೊಳೆಯುತ್ತಿದ್ದರೂ ಆ ಎರಡು ಲೋಹಗಳ ನಡುವೆ ಕಣ್ಣಿಗೆ ಕಾಣದ ಪದರವೊಂದು ಕೂತಿದೆ ಎಂದೇ ತಿಳಿಯಬೇಕು. ನೆಗೆಟಿವ್ ಕೇಬಲನ್ನು ಮೊದಲು ಬಿಚ್ಚಿ, ಬಿಳಿಯ ಪುಡಿಯಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ತಂತಿಯ ಬ್ರಷ್‌ನಿಂದ ಎರಡೂ ಮೈಗಳನ್ನು ಉಜ್ಜಿ, ಸ್ಪ್ಯಾನರಿನಿಂದ ಬಿಗಿದು, ನೆಗೆಟಿವನ್ನು ಕೊನೆಗೆ ಜೋಡಿಸಬೇಕು. ಕೈಬೆರಳಿನಿಂದ ತಿರುಗಿಸುವ ರೆಕ್ಕೆಯ ನಟ್ಟುಗಳು ದಪ್ಪ ಕೇಬಲಿಗೆ ತಕ್ಕವಲ್ಲ. ಎಂಜಿನ್ನಿನ ನಡುಕಕ್ಕೆ ಅವು ಸಡಿಲವಾಗುತ್ತವೆ.

ಬ್ಯಾಟರಿಯಿಂದ ಮುಂದಕ್ಕೆ

ಮೀಟರಿನ ಕಪ್ಪು ತಂತಿಗೆ ಹಲ್ಲಿನ ಕ್ಲಿಪ್ಪುಳ್ಳ ಉದ್ದನೆಯ ತಂತಿಯೊಂದನ್ನು ಸೇರಿಸಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಕಚ್ಚಿಸಿಬಿಟ್ಟರೆ, ಕೆಂಪು ಮೊನೆಯೊಂದನ್ನೇ ಹಿಡಿದು ದೋಣಿಯುದ್ದಕ್ಕೂ ನಡೆಯಬಹುದು. ಮುಖ್ಯ ಫ್ಯೂಸಿನ ಒಳಬದಿ, ಹೊರಬದಿ. ಬ್ಯಾಟರಿ ಸ್ವಿಚ್ಚಿನ ಒಳಬದಿ, ಹೊರಬದಿ. ಸ್ವಿಚ್ಚುಗಳಿರುವ ಪ್ಯಾನೆಲಿಗೆ ಬರುವ ದಪ್ಪ ತಂತಿ. ಪ್ಯಾನೆಲಿನ ಪ್ರತಿ ಬ್ರೇಕರ್, ಅಂದರೆ ಕರೆಂಟ್ ಮಿತಿಮೀರಿದಾಗ ತಾನಾಗಿಯೇ ಸಂಪರ್ಕ ಕಡಿಯುವ ಸ್ವಿಚ್. ಕೊನೆಗೆ ಉಪಕರಣದ ಪಾಸಿಟಿವ್ ತುದಿ. ಪ್ರತಿ ಹೆಜ್ಜೆಯಲ್ಲೂ ಉಪಕರಣದ ಸ್ವಿಚ್ ಹಾಕಿಯೇ ಇರಬೇಕು. ಯಾವ ಎರಡು ಬಿಂದುಗಳ ನಡುವೆ ಅಂಕಿ ದಿಢೀರನೆ ಬೀಳುತ್ತದೋ ದೋಷ ಅಲ್ಲಿಯೇ ಇದೆ.

ಒಂದು ನಿದರ್ಶನವನ್ನು ಹತ್ತಿರದಿಂದ ನೋಡೋಣ. ರಾತ್ರಿ ಇತರ ದೋಣಿಗಳಿಗೆ ಕಾಣಲೆಂದು ಇರುವ ಸಂಚಾರ ದೀಪ ಉರಿಯುತ್ತಿಲ್ಲ. ದೀಪವನ್ನು ಕಳಚಿ ಹೋಲ್ಡರಿನಲ್ಲಿ ಅಳೆದರೆ 12.5 ವೋಲ್ಟ್ ಇದೆ. ಆದ್ದರಿಂದ ಬಲ್ಬೇ ಹೋಗಿರಬೇಕೆಂದು ಹೊಸದನ್ನು ಹಾಕಿದರೂ ಅದು ಉರಿಯುವುದಿಲ್ಲ. ಬಲ್ಬ್ ಇದ್ದಂತೆಯೇ ಅಳೆದಾಗ ಅದೇ ಜಾಗದಲ್ಲಿ 4 ವೋಲ್ಟ್ ಮಾತ್ರ ಸಿಗುತ್ತದೆ. ಹಿಂದಕ್ಕೆ ಹೋಗುತ್ತ ನೋಡಿದರೆ ತಂತಿಯ ತುದಿಗೆ ಒತ್ತಿ ಕೂರಿಸಿದ ಲಗ್ಗಿನ ಈಚೆಗೆ 4, ಆಚೆಗೆ 12.4. ಪ್ಲಾಸ್ಟಿಕ್ ಹೊದಿಕೆಯನ್ನು ಸೀಳಿದಾಗ ತಾಮ್ರದ ಎಳೆಗಳೆಲ್ಲ ಹಸಿರು ಕಿಲುಬಾಗಿ ಪುಡಿಯಾಗಿದ್ದು, ಒಂದೆರಡು ಎಳೆ ಮಾತ್ರ ಉಳಿದುಕೊಂಡಿರುವುದು ಕಾಣುತ್ತದೆ. ಮೀಟರಿಗೆ ಬೇಕಾದ ಅತ್ಯಲ್ಪ ಕರೆಂಟನ್ನು ಆ ಒಂದೆರಡು ಎಳೆಗಳೇ ಹೊರಬಲ್ಲವು. ದೀಪಕ್ಕೆ ಬೇಕಾದಷ್ಟನ್ನು ಹೊರಲಾರವು. ಹೊರೆಯಿಲ್ಲದ ಅಳತೆಯನ್ನು ನಂಬಬಾರದು ಎನ್ನುವುದು ಇದೇ ಕಾರಣಕ್ಕೆ.

ಎಷ್ಟು ಕುಸಿತ ಸಹಜ ಎಂಬ ಪ್ರಶ್ನೆಗೆ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್‌ನ ಮಾನದಂಡ ಒಳ್ಳೆಯ ಅಳತೆಗೋಲು: ಸಂಚಾರ ದೀಪ, ಬ್ಲೋವರ್‌ಗಳಂಥ ಮುಖ್ಯ ಸರ್ಕ್ಯೂಟುಗಳಲ್ಲಿ ಹೋಗಿಬರುವ ಎರಡೂ ತಂತಿಗಳು ಸೇರಿ ಶೇ. 3, ಅಂದರೆ 12 ವೋಲ್ಟಿಗೆ 0.36 ವೋಲ್ಟ್, ಉಳಿದವುಗಳಲ್ಲಿ ಶೇ. 10.

ಪಾಸಿಟಿವ್ ಬದಿಯೆಲ್ಲ ಸರಿಯಾಗಿದ್ದೂ ಉಪಕರಣ ಓಡದಿದ್ದರೆ ನೆಗೆಟಿವ್ ಬದಿಯನ್ನು ಇದೇ ರೀತಿ ನೋಡಬೇಕು. ಉಪಕರಣದ ನೆಗೆಟಿವ್ ತುದಿಯಲ್ಲಿ ಕೆಂಪು ಮೊನೆ ಇಟ್ಟಾಗ ಮೀಟರ್ ಸೊನ್ನೆಗೆ ಹತ್ತಿರವಿರಬೇಕು. 8 ಅಥವಾ 10 ವೋಲ್ಟ್ ತೋರಿಸಿದರೆ ಕರೆಂಟ್ ಮರಳುವ ದಾರಿ ಕೆಟ್ಟಿದೆ. ಹಲವು ಉಪಕರಣಗಳು ಒಟ್ಟಿಗೆ ಮಂಕಾಗಿದ್ದರೆ, ಅವುಗಳ ನೆಗೆಟಿವ್ ತಂತಿಗಳೆಲ್ಲ ಸೇರುವ ಬಸ್‌ಬಾರ್ ಅನ್ನೇ ಮೊದಲು ಶಂಕಿಸುವುದು ಜಾಣತನ. ಈ ಬದಿಯನ್ನು ಬಹಳ ಜನ ಮರೆತೇಬಿಡುತ್ತಾರೆ.

ಫ್ಯೂಸನ್ನು ಕಣ್ಣಿನಿಂದ ನೋಡಿ ತೀರ್ಮಾನಿಸಬಾರದು; ಎರಡೂ ಬದಿ ಅಳೆಯಬೇಕು. ಹೊಸ ಫ್ಯೂಸೂ ಕೂಡಲೇ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ಆ ಸರ್ಕ್ಯೂಟಿನ ಉಪಕರಣಗಳನ್ನು ಒಂದೊಂದಾಗಿ ಕಳಚುತ್ತ ಹೋದರೆ ತಪ್ಪಿತಸ್ಥ ಸಿಗುತ್ತದೆ. ಹೆಚ್ಚಿನ ಆಂಪಿಯರಿನ ಫ್ಯೂಸ್ ಹಾಕುವುದು ಅಪಾಯಕಾರಿ. ಫ್ಯೂಸ್ ಕಾಪಾಡುವುದು ತಂತಿಯನ್ನು, ಅದು ಸುಡದಿದ್ದರೆ ತಂತಿ ಸುಡುತ್ತದೆ.

ಎಂಜಿನ್ ಮಾತ್ರ ಮೌನವಾಗಿದ್ದರೆ

ತುರ್ತು ನಿಲುಗಡೆಯ ಹಗ್ಗದ ಕ್ಲಿಪ್ ಜಾಗದಲ್ಲಿದೆಯೇ, ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂಬ ಎರಡನ್ನು ಮೊದಲು ನೋಡಬೇಕು. ಎಂಜಿನ್ನಿಗೇ ಅಂಟಿಕೊಂಡ ಪ್ರತ್ಯೇಕ ಫ್ಯೂಸ್ ಅಥವಾ ಒತ್ತಿ ಕೂರಿಸುವ ಬ್ರೇಕರ್ ಇರುತ್ತದೆ. ಅದು ಹಾರಿದ್ದರೂ ಕೀಲಿ ತಿರುಗಿಸಿದಾಗ ಏನೂ ಆಗುವುದಿಲ್ಲ. ಸ್ಟಾರ್ಟರ್ ಟಕ್ಕೆಂದು ಸದ್ದು ಮಾಡಿ ನಿಂತರೆ, ಇನ್ನೊಬ್ಬರು ಕೀಲಿ ತಿರುಗಿಸುವಾಗ ಬ್ಯಾಟರಿಯ ಕಂಬಗಳ ಮೇಲೂ ಸ್ಟಾರ್ಟರಿನ ಮೇಲೂ ಅಳೆಯಬೇಕು. ಕಂಬಗಳಲ್ಲೇ 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಬ್ಯಾಟರಿ ಸೋತಿದೆ. ಅಲ್ಲಿ 11 ಇದ್ದು ಸ್ಟಾರ್ಟರಿನಲ್ಲಿ 7 ಇದ್ದರೆ ದೋಷ ನಡುವಿನ ಕೇಬಲ್, ಸ್ವಿಚ್ ಅಥವಾ ಸ್ಟಾರ್ಟರಿಗೆ ಕರೆಂಟ್ ಹಾಯಿಸುವ ವಿದ್ಯುತ್ಕಾಂತದ ಸ್ವಿಚ್ಚಾದ ಸೊಲೆನಾಯ್ಡ್‌ನಲ್ಲಿದೆ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು. ವೇಗ ಹೆಚ್ಚಿಸಿದರೂ 12ರ ಆಸುಪಾಸಿನಲ್ಲೇ ಉಳಿದು ಇಳಿಯುತ್ತಿದ್ದರೆ ಚಾರ್ಜ್ ಆಗುತ್ತಿಲ್ಲ. ಎಂಜಿನ್ನಿನಿಂದ ತಿರುಗಿ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನ ಬೆಲ್ಟನ್ನು, ದೋಣಿಯ ಹಿಂಬದಿಗೆ ಹೊರಗೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ ಆದರೆ ಚಾರ್ಜಿನ ವೋಲ್ಟೇಜನ್ನು ಹದಗೊಳಿಸುವ ರೆಕ್ಟಿಫೈಯರ್-ರೆಗ್ಯುಲೇಟರ್ ಜೋಡಣೆಗಳನ್ನು ನೋಡಬೇಕು. ಎಂಜಿನ್ ಓಡುವಾಗ ಬ್ಯಾಟರಿ ಸ್ವಿಚ್ಚನ್ನು ಎಂದಿಗೂ ಆಫ್ ಮಾಡಬಾರದು. ಹೋಗಲು ದಾರಿಯಿಲ್ಲದ ಕರೆಂಟ್ ಆಲ್ಟರ್ನೇಟರಿನ ಡಯೋಡುಗಳನ್ನು ಸುಟ್ಟುಹಾಕುತ್ತದೆ.

ದುರಸ್ತಿಯ ವಿಚಾರದಲ್ಲಿ

ಕಿಲುಬು ಹಿಡಿದ ತಂತಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು. ಎಳೆಗಳು ಒಳಗಿನವರೆಗೂ ಕಪ್ಪಾಗಿದ್ದರೆ ತಂತಿಯನ್ನೇ ಬದಲಿಸುವುದು ಲೇಸು. ತವರದ ಲೇಪವಿರುವ ಬಹು ಎಳೆಗಳ ತಾಮ್ರದ ತಂತಿ, ಸರಿಯಾದ ಅಳತೆಯ ಲಗ್ಗು, ಅದಕ್ಕೆಂದೇ ಇರುವ ಇಕ್ಕಳ, ಒಳಗೆ ಅಂಟುಳ್ಳ ಬಿಸಿಗೆ ಕುಗ್ಗುವ ಕೊಳವೆ ಇವಿಷ್ಟಿದ್ದರೆ ಜೋಡಣೆ ಬಹುಕಾಲ ಬಾಳುತ್ತದೆ. ತಂತಿಗಳನ್ನು ಹೊಸೆದು ಟೇಪ್ ಸುತ್ತುವುದು ದಡ ಸೇರುವವರೆಗಿನ ಉಪಾಯವೇ ಹೊರತು ದುರಸ್ತಿಯಲ್ಲ.

ದಡದಿಂದ ಬರುವ ಎಸಿ ವಿದ್ಯುತ್ತಿನ ಸಂಪರ್ಕವಿದ್ದರೆ ಮೇಲಿನ ಯಾವ ಕೆಲಸಕ್ಕೂ ಮುನ್ನ ಅದರ ಕೇಬಲನ್ನು ದಡದ ಕಡೆಯಿಂದಲೇ ಕಳಚಿಡಬೇಕು, ಮತ್ತು ಆ ಬದಿಯ ದೋಷಗಳನ್ನು ಪರಿಣತ ಎಲೆಕ್ಟ್ರಿಷಿಯನ್‌ಗೆ ಬಿಡಬೇಕು. ದೋಣಿಯಿಂದ ನೀರಿಗೆ ಸೋರುವ ಎಸಿ ಕರೆಂಟ್ ಪಕ್ಕದಲ್ಲಿ ಈಜುವವರ ಪ್ರಾಣ ತೆಗೆಯಬಲ್ಲದು.

ದುರಸ್ತಿ ಮುಗಿದ ಮೇಲೆ ಎಲ್ಲ ಉಪಕರಣಗಳನ್ನೂ ಒಟ್ಟಿಗೆ ಹಾಕಿ ಹತ್ತು ನಿಮಿಷ ಬಿಟ್ಟು, ಮುಟ್ಟಿದ ಪ್ರತಿ ಜೋಡಣೆಯ ಹತ್ತಿರ ಮೊದಲು ಕೈಯ ಹಿಂಬದಿಯನ್ನು ಒಡ್ಡಿ ನೋಡಬೇಕು. ಬೆಚ್ಚಗಾಗಿರುವ ಜೋಡಣೆ ಇನ್ನೂ ಸರಿಯಾಗಿಲ್ಲ. ಅದನ್ನು ಬಿಚ್ಚಿ ಮತ್ತೆ ಮಾಡಬೇಕು.