ಬೀಟಲ್‌ನ ಆಯಿಲ್ ದೀಪ ಹೊತ್ತಿಕೊಂಡರೆ ಎಲ್ಲಿಂದ ಹುಡುಕಬೇಕು?

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ಗಳಲ್ಲಿ ಆಯಿಲ್ ಪ್ರೆಶರ್ ದೀಪ ಹಸಿರು ಬಣ್ಣದ್ದು. ಹಸಿರಲ್ಲವೇ ಎಂದು ಓಡಿಸುತ್ತ ಹೋದರೆ ಬೇರಿಂಗ್‌ಗಳ ಕಥೆ ಮುಗಿಯಿತು. ಕೆಂಪು ದೀಪ ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ್ದು. ಅದು ಹೊತ್ತಿದರೆ ಫ್ಯಾನ್ ಬೆಲ್ಟ್ ಹರಿದಿರಬಹುದು. ಗಾಳಿಯಿಂದ ತಣ್ಣಗಾಗುವ ಎಂಜಿನ್ನಿಗೆ ಅದೂ ಅಷ್ಟೇ ಅಪಾಯ. ಯಾವುದೇ ಹೊತ್ತಿದರೂ ನ್ಯೂಟ್ರಲ್‌ಗೆ ಹಾಕಿ, ಬದಿಗೆ ತಂದು, ಎಂಜಿನ್ ಆಫ್ ಮಾಡಿ. ಮುಂದಿನದು ಆಮೇಲೆ.

ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಪಕ್ಕದಲ್ಲಿ ಒಂದೇ ವೈರಿನ ಪುಟ್ಟ ಸ್ವಿಚ್ ಇದೆ. ಪ್ರೆಶರ್ ಇಲ್ಲದಾಗ ಅದು ವೈರನ್ನು ಎಂಜಿನ್ನಿನ ಲೋಹಕ್ಕೆ ಜೋಡಿಸುತ್ತದೆ (ಅರ್ಥ್ ಮಾಡುತ್ತದೆ), ದೀಪ ಉರಿಯುತ್ತದೆ. ಸುಮಾರು 2ರಿಂದ 6 ಪಿಎಸ್‌ಐ (ಒತ್ತಡದ ಅಳತೆ) ಬಂದರೆ ಸಾಕು, ದೀಪ ಆರುತ್ತದೆ. ಹಾಗಾಗಿ ದೀಪ ಆರಿತು ಅಂದಮಾತ್ರಕ್ಕೆ ಎಂಜಿನ್ ಆರೋಗ್ಯವಾಗಿದೆ ಎಂದಲ್ಲ.

ಮೊದಲು ಡಿಪ್‌ಸ್ಟಿಕ್. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಐದು ನಿಮಿಷ ಬಿಟ್ಟು ನೋಡಿ. ಈ ಎಂಜಿನ್ ಹಿಡಿಯುವುದೇ 2.5 ಲೀಟರ್, ಸ್ವಲ್ಪ ಕಡಿಮೆಯಾದರೂ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ದೀಪ ಮಿನುಗುತ್ತದೆ. ಮಟ್ಟ ಮೇಲಿನ ಗೆರೆಯನ್ನೂ ದಾಟಿದ್ದರೆ ಕಡ್ಡಿಯನ್ನು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಫ್ಯೂಯಲ್ ಪಂಪಿನೊಳಗಿನ ತೆಳು ಪೊರೆ (ಡಯಾಫ್ರಮ್) ಹರಿದು ಪೆಟ್ರೋಲ್ ಕೆಳಗಿಳಿಯುತ್ತಿರಬಹುದು. ಆಯಿಲ್ ನೀರಿನಂತಾಗಿರುತ್ತದೆ. ಪಂಪ್ ಸರಿಮಾಡದೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ.

ಮಟ್ಟ ಸರಿಯಿದ್ದರೆ ವೈರ್. ಎಂಜಿನ್ ನಿಲ್ಲಿಸಿ, ಕೀ ಮಾತ್ರ ಆನ್ ಮಾಡಿ, ಸ್ವಿಚ್ಚಿನಿಂದ ವೈರ್ ಎಳೆಯಿರಿ. ದೀಪ ಆರಬೇಕು. ಆರದಿದ್ದರೆ ವೈರ್ ಎಲ್ಲೋ ಉಜ್ಜಿ ಗಾಡಿಯ ಲೋಹಕ್ಕೆ ತಾಗಿದೆ. ಕೀ ಆನ್ ಮಾಡಿದಾಗ ದೀಪ ಹೊತ್ತುವುದೇ ಇಲ್ಲವೆಂದರೆ ಅದೇ ವೈರಿನ ತುದಿಯನ್ನು ಎಂಜಿನ್ನಿನ ಬರಿ ಲೋಹಕ್ಕೆ ಮುಟ್ಟಿಸಿ. ಆಗ ಹೊತ್ತಿದರೆ ಸ್ವಿಚ್ ಕೆಟ್ಟಿದೆ. ಆಗಲೂ ಇಲ್ಲವಾದರೆ ಬಲ್ಬ್, ಫ್ಯೂಸ್ ಅಥವಾ ತುಂಡಾದ ವೈರ್. ಹೊತ್ತದ ದೀಪವನ್ನು ಯಾರೂ ಗಮನಿಸುವುದಿಲ್ಲ, ಅದೇ ಹೆಚ್ಚು ಅಪಾಯ.

‘ಸ್ವಿಚ್ ಹೋಗಿರಬೇಕು ಬಿಡಿ ಸಾರ್’ ಎನ್ನುವುದು ಗ್ಯಾರೇಜುಗಳ ಪ್ರಿಯವಾದ ಮಾತು. ಎಷ್ಟೋ ಸಲ ನಿಜವೂ ಹೌದು. ಆದರೆ ಹೊಸ ಸ್ವಿಚ್ ಹಾಕುವ ಮುನ್ನ ಅದೇ ರಂಧ್ರಕ್ಕೆ ಪ್ರೆಶರ್ ಗೇಜ್ ಕೂರಿಸಿ ನೋಡಿ. ಎಸ್‌ಎಇ 30 (ಆಯಿಲಿನ ದಪ್ಪದ ದರ್ಜೆ) ಆಯಿಲ್ 70 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿ, ಎಂಜಿನ್ 2500 ಆರ್‌ಪಿಎಂನಲ್ಲಿ ತಿರುಗುವಾಗ ಸುಮಾರು 42 ಪಿಎಸ್‌ಐ ಬರಬೇಕು. 28ಕ್ಕಿಂತ ಕೆಳಗಿದ್ದರೆ ದೀಪ ಹೇಳುತ್ತಿರುವುದು ನಿಜ. ಗೇಜ್ ಸರಿ ತೋರಿಸಿದರೆ ಮಾತ್ರ ಸ್ವಿಚ್ ಬದಲಿಸಿ. ಹಳೆಯದನ್ನು ಅಂಗಡಿಗೆ ಒಯ್ದು ಥ್ರೆಡ್ ತಾಳೆ ನೋಡಿ ತನ್ನಿ. ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು, ಸ್ವಿಚ್ಚಿನ ಥ್ರೆಡ್ ಮೊನಚಾಗುತ್ತ ಹೋಗುವಂಥದ್ದು. ಜೋರಾಗಿ ತಿರುಗಿಸಿದರೆ ಕೇಸೇ ಬಿರುಕು ಬಿಡುತ್ತದೆ.

ಎಂಜಿನ್ ಬಿಸಿಯಾದ ಮೇಲೆ, ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ದೀಪ ಮಿನುಗಿ, ಆಕ್ಸಿಲರೇಟರ್ ಮುಟ್ಟಿದೊಡನೆ ಆರುತ್ತದೆಯೇ? ಐಡಲಿಂಗ್ ತೀರಾ ಕಡಿಮೆಯಿಲ್ಲ ಎಂದು ಖಚಿತಪಡಿಸಿಕೊಂಡು ಹೆಚ್ಚಾದ ಆಯಿಲ್ ಒತ್ತಡವನ್ನು ಬಿಟ್ಟುಕೊಡುವ ರಿಲೀಫ್ ವಾಲ್ವ್ ಬಿಚ್ಚಿ. ಎಂಜಿನ್ ಅಡಿಯಲ್ಲಿ, ಫ್ಯಾನ್ ಬೆಲ್ಟಿನ ಪುಲ್ಲಿಯ ಕಡೆ, ಅಗಲ ಸೀಳಿನ ದೊಡ್ಡ ಸ್ಕ್ರೂ ಅದು. ಸೀಳಿಗೆ ಪೂರ್ತಿ ಕೂರುವ ಸ್ಕ್ರೂಡ್ರೈವರ್ ಇಲ್ಲದೆ ಕೈ ಹಾಕಬೇಡಿ, ಸೀಳು ಹಾಳಾದರೆ ಅರ್ಧ ದಿನ ಹೋಯಿತು. ಸ್ಕ್ರೂ ಬಂದರೆ ಸ್ಪ್ರಿಂಗ್, ಅದರ ಹಿಂದೆ ಪ್ಲಂಜರ್ (ಒಳಗೆ ಜಾರುವ ಪುಟ್ಟ ಪಿಸ್ಟನ್) ತಾನಾಗಿ ಜಾರಿ ಬರಬೇಕು. ಬಾರದಿದ್ದರೆ ಕಸ ಸಿಕ್ಕಿ ಅಂಟಿಕೊಂಡಿದೆ. 10 ಮಿ.ಮೀ. ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಅನ್ನು ಅದರೊಳಗೆ ಮೆಲ್ಲನೆ ತಿರುಗಿಸಿ ಎಳೆಯಿರಿ. ಗೀರುಗಳನ್ನು ನುಣ್ಣನೆಯ ಎಮೆರಿ ಕಾಗದದಿಂದ ತೆಗೆದು, ಪೆಟ್ರೋಲಿನಲ್ಲಿ ತೊಳೆದು, ಹೊಸ ವಾಶರ್ ಹಾಕಿ ಕೂರಿಸಿ. ಪ್ಲಂಜರ್ ಕೆಳಗೆ ಸಿಕ್ಕಿಕೊಂಡರೆ ಪ್ರೆಶರ್ ಬೀಳುತ್ತದೆ. ಮೇಲೆ ಸಿಕ್ಕಿಕೊಂಡರೆ ತಣ್ಣನೆಯ ದಪ್ಪ ಆಯಿಲಿನ ಒತ್ತಡಕ್ಕೆ ಆಯಿಲ್ ಕೂಲರ್ ಸೋರುತ್ತದೆ. 1970ರ ನಂತರದ ಎಂಜಿನ್‌ಗಳಲ್ಲಿ ಫ್ಲೈವೀಲ್ ಕಡೆ ಇಂಥದ್ದೇ ಇನ್ನೊಂದಿದೆ, ಅದನ್ನೂ ನೋಡಿ.

ಆಯಿಲ್ ಇಳಿಸಿದಾಗ ಎಂಜಿನ್ ತಳದ ಜಾಲರಿಯನ್ನೂ ಬಿಚ್ಚಿ ತೊಳೆಯಿರಿ. ಬೀಟಲ್‌ಗೆ ಕಂಪನಿ ಕೊಟ್ಟ ಫಿಲ್ಟರ್ ಅದೊಂದೇ. ಹೀರುಕೊಳವೆ ಜಾಲರಿಯ ತೂತಿಗೆ ಬಿಗಿಯಾಗಿ ಕೂರದಿದ್ದರೆ ಪಂಪ್ ಕಸವನ್ನೂ ಎಳೆದುಕೊಳ್ಳುತ್ತದೆ. ಜಾಲರಿ ಮುಚ್ಚಳದ ಆರು ನಟ್‌ಗಳಿಗೆ 7 ನ್ಯೂಟನ್‌ಮೀಟರ್ ಬಿಗಿತ ಸಾಕು. ಸೋರುತ್ತದೆಂದು ಇನ್ನಷ್ಟು ಬಿಗಿದರೆ ಸ್ಟಡ್ (ನಟ್ ಕೂರುವ ಬೋಲ್ಟ್) ಕಿತ್ತುಬರುತ್ತದೆ.

ಇಷ್ಟಾದರೂ ಗೇಜ್ ಏಳದಿದ್ದರೆ ಪುಲ್ಲಿಯ ಹಿಂದಿನ ಆಯಿಲ್ ಪಂಪ್ ಬಿಚ್ಚಬೇಕು. ಗೇರುಗಳಿಗೂ ಮುಚ್ಚಳಕ್ಕೂ ನಡುವೆ 0.1 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಪಂಪ್ ಸವೆದಿದೆ. ಅದೂ ಸರಿಯಿದ್ದರೆ ಬೇರಿಂಗ್‌ಗಳು ಸಡಿಲವಾಗಿವೆ ಎಂದರ್ಥ, ಎಂಜಿನ್ ಇಳಿಸದೆ ದಾರಿಯಿಲ್ಲ. ದಪ್ಪ ಆಯಿಲ್ ಸುರಿದು ದೀಪ ಆರಿಸುವುದು ಗಾಡಿ ಮಾರುವವರ ಉಪಾಯ.

ಕೆಲಸ ಮುಗಿದ ಮೇಲೆ ನೇರವಾಗಿ ಸ್ಟಾರ್ಟ್ ಮಾಡಬೇಡಿ. ಕಾಯಿಲ್‌ನ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರ್ ಕಡೆಯಿಂದ ತೆಗೆದು ಅರ್ಥ್ ಮಾಡಿ, ದೀಪ ಆರುವವರೆಗೆ ಹತ್ತು ಹತ್ತು ಸೆಕೆಂಡ್ ಬರೀ ಸೆಲ್ಫ್ ಹೊಡೆಯಿರಿ. ಆರಿದ ಮೇಲೆ ವೈರ್ ಚುಚ್ಚಿ ಎಂಜಿನ್ ಎಬ್ಬಿಸಿ.