ಓತಿಯ ಊಟಕ್ಕೆ ಮನೆಯಲ್ಲೇ ಕ್ರಿಕೆಟ್ ಹುಳ

ಮಂಗಳೂರಿನ ಕದ್ರಿಯ ನಮ್ಮ ಮನೆಯಲ್ಲಿ ಒಂದು ಬಿಯರ್ಡೆಡ್ ಡ್ರ್ಯಾಗನ್ ಇದೆ, ಆಸ್ಟ್ರೇಲಿಯಾ ಮೂಲದ ಓತಿ. ಅದಕ್ಕೆ ಬೇಕಾದ ಕ್ರಿಕೆಟ್ ಹುಳಗಳನ್ನು, ಅಂದರೆ ರಾತ್ರಿ ಚಿರ್‌ಗುಟ್ಟುವ ಮಿಡತೆಯಂಥ ಹುಳಗಳನ್ನು, ನಾನೇ ಸಾಕುತ್ತೇನೆ. 30 ಲೀಟರಿನ ಪ್ಲಾಸ್ಟಿಕ್ ಡಬ್ಬ ಸಾಕು. ಮುಚ್ಚಳದಲ್ಲಿ ಕಿಂಡಿ ಕೊರೆದು ಸ್ಟೀಲ್ ಜಾಲರಿ ಅಂಟಿಸಿ. ಮೊದಲು ನಾನು ಹಾಕಿದ್ದ ಸೊಳ್ಳೆ ಪರದೆಯನ್ನು ಅವು ಕಡಿದು ಹೊರಬಂದವು; ವಾರವಿಡೀ ಅಮ್ಮನ ಕುಚ್ಚಲಕ್ಕಿ ಡಬ್ಬದ ಹಿಂದಿನಿಂದ ರಾತ್ರಿ ಸಂಗೀತ ಕಛೇರಿ. ಹಾಡುವುದು ಗಂಡು ಮಾತ್ರ.

ಒಳಗೆ ರಟ್ಟಿನ ಮೊಟ್ಟೆ ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿ. ಗೋಧಿ ಬೂಸಾ, ಕ್ಯಾರೆಟ್ ಚೂರು ಆಹಾರ. ತಟ್ಟೆಯಲ್ಲಿ ನೀರಿಟ್ಟರೆ ಮರಿಗಳು ಮುಳುಗುತ್ತವೆ, ಒದ್ದೆ ಹತ್ತಿ ಇಡಿ.

ಮೊಟ್ಟೆಗೆ ಹಳೆಯ ಐಸ್‌ಕ್ರೀಮ್ ಡಬ್ಬದಲ್ಲಿ ತೇವದ ತೆಂಗಿನ ನಾರಿನ ಪುಡಿ ತುಂಬಿ ದೊಡ್ಡ ಡಬ್ಬದೊಳಗೆ ಇಡಿ. ಹೆಣ್ಣು ಬಾಲದ ಸೂಜಿಯಂಥ ನಳಿಕೆಯನ್ನು ಅದರೊಳಗೆ ಚುಚ್ಚಿ ನಿಲ್ಲುತ್ತದೆ. ಕೆದಕಿದರೆ ಶಾವಿಗೆಯ ಪುಡಿಯಂಥ ಮೊಟ್ಟೆಗಳು. ಮೂರು ದಿನದ ಬಳಿಕ ಆ ಡಬ್ಬವನ್ನು ಬೇರೆಡೆ ಇಡಿ, ಇಲ್ಲವಾದರೆ ದೊಡ್ಡವು ತಿಂದುಬಿಡುತ್ತವೆ. 30 ಡಿಗ್ರಿ ಶಾಖದಲ್ಲಿ ಸುಮಾರು ಎರಡು ವಾರದೊಳಗೆ ಮರಿ, ಆರರಿಂದ ಎಂಟು ವಾರಕ್ಕೆ ಪ್ರಾಯದ ಹುಳ.

ನಮ್ಮ ಕರಾವಳಿಯಲ್ಲಿ ನಿಜವಾದ ಶತ್ರು ಆಟಿಯ (ತುಳುವರ ಮಳೆಗಾಲದ ತಿಂಗಳು) ತೇವ. ಬೂಸಾ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಚಮಚದಷ್ಟೇ ಹಾಕಿ, ಉಳಿದುದನ್ನು ತೆಗೆಯಿರಿ. ಇರುವೆ ಬಾರದಂತೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ.

ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಕೊಡಬೇಡಿ. ಕೊಡುವ ಮುನ್ನ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ. ತಿನ್ನದೆ ಉಳಿದವನ್ನು ರಾತ್ರಿಯೊಳಗೆ ತೆಗೆಯಿರಿ, ಹಸಿದ ಹುಳ ಮಲಗಿದ ಓತಿಯನ್ನೇ ಕಚ್ಚುತ್ತದೆ.