ಗದಗಿಗೆ ಬಂದ ಅಪರಿಚಿತ: ಪ್ರೀತಿ ಮತ್ತು ಭಯದ ಕಾದಂಬರಿ ಬರೆಯೋದು ಹೇಗೆ

ನಾಯಕಿ ಒಬ್ಬ ಅಪರಿಚಿತನನ್ನು ಪ್ರೀತಿಸಬೇಕು, ಅವನು ಅಪಾಯದ ಮನುಷ್ಯ ಆಗಿರಬೇಕು. ಇಂಥ ಕಥೆ ಬರೆಯಲು ಹೊರಟವರು ಸಾಮಾನ್ಯವಾಗಿ ಮೊದಲು ಊರು ಬದಲಾಯಿಸುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿಗೋ, ಮಡಿಕೇರಿಯ ಎಸ್ಟೇಟ್ ಬಂಗಲೆಗೋ ಕಥೆಯನ್ನು ಒಯ್ದುಬಿಡುತ್ತಾರೆ. ಒಯ್ಯಬೇಡಿ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಈ ಕಥೆ ಇನ್ನೂ ಚೆನ್ನಾಗಿ ನಿಲ್ಲುತ್ತದೆ, ಯಾಕಂದ್ರೆ ನಮ್ಮಲ್ಲಿ ಅಪರಿಚಿತನಾಗಿ ಉಳಿಯೋದೇ ಬಹಳ ಕಷ್ಟ. ಬಸ್ಸಿನಲ್ಲಿ ಪಕ್ಕ ಕೂತವರು "ಯಾವೂರ್ರೀ ನಿಮ್ದು? ಅಡ್ಡಹೆಸರೇನ್ರೀ?" ಅಂತ ಕೇಳದೆ ಬಿಡೋದಿಲ್ಲ. ಉತ್ತರ ಕೊಟ್ಟರೆ ಆ ಊರಿನಲ್ಲಿ ಅವರ ಬೀಗರೊಬ್ಬರು ಇದ್ದೇ ಇರುತ್ತಾರೆ. ಹೀಗಿರುವಾಗ ಗುರುತು ಮುಚ್ಚಿಡಬೇಕಾದವನು ಬೆಳಗಾದರೆ ಸುಳ್ಳು ಹೇಳಬೇಕು. ಆ ಸುಳ್ಳುಗಳು ಒಂದೊಂದಾಗಿ ಹುಟ್ಟೋದು, ಒಂದೊಂದಾಗಿ ಬಿಚ್ಚಿಕೊಳ್ಳೋದು, ಅದೇ ನಿಮ್ಮ ಕಾದಂಬರಿ.

ಬರೆಯೋಕೆ ಕೂರುವ ಮೊದಲು ಅವನ ನಿಜವನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ಅವನು ಯಾರು, ಏನು ಮಾಡಿದ್ದಾನೆ, ಯಾಕೆ ಈ ಊರಿಗೆ ಬಂದ, ಅಪಾಯ ಅವನಿಂದಲೋ ಅಥವಾ ಅವನ ಬೆನ್ನು ಹತ್ತಿ ಬಂದದ್ದೋ. ಬರೆಯುತ್ತಾ ಹೋದ ಹಾಗೆ ತಿಳಿಯುತ್ತೆ ಅಂತ ಬಿಟ್ಟರೆ ಅರ್ಧ ದಾರಿಯಲ್ಲಿ ಕಥೆ ನಿಂತುಬಿಡುತ್ತದೆ. ಅವನ ಪ್ರತಿ ಮಾತಿಗೂ ಎರಡು ಅರ್ಥ ಇರಬೇಕು, ಮೊದಲ ಓದಿಗೆ ಒಂದು, ನಿಜ ಗೊತ್ತಾದ ಮೇಲೆ ಇನ್ನೊಂದು. ನಿಮಗೇ ನಿಜ ಗೊತ್ತಿಲ್ಲದಿದ್ದರೆ ಎರಡನೇ ಅರ್ಥ ಎಲ್ಲಿಂದ ಬರಬೇಕು?

ಉದಾಹರಣೆಗೆ ಒಂದು ಕಥೆ ಕಟ್ಟೋಣ. ಗದಗಿಗೆ ಮುದ್ರಣ ಕಾಶಿ ಅನ್ನೋ ಹೆಸರಿದೆ ಅಲ್ವಾ, ಅಲ್ಲಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ರೇಣುಕಾ ಡಿಟಿಪಿ ಕೆಲಸ ಮಾಡುತ್ತಾಳೆ. ಸುತ್ತಲಿನ ಹಳ್ಳಿಗಳ ಮದುವೆ ಕಾರ್ಡುಗಳೆಲ್ಲ ಅವಳ ಕೈಯಿಂದ ದಾಟಿ ಹೋಗುತ್ತವೆ. ಬಡಿಗೇರ, ಅಂಗಡಿ, ಹಿರೇಮಠ, ಉಳ್ಳಾಗಡ್ಡಿ, ಯಾವ ಅಡ್ಡಹೆಸರಿನವರು ಯಾವ ಊರಿನಲ್ಲಿದ್ದಾರೆ ಅನ್ನೋದು ಅವಳಿಗೆ ಬಾಯಿಪಾಠ. ಒಂದು ಮಧ್ಯಾಹ್ನ ಒಬ್ಬ ವಿಸಿಟಿಂಗ್ ಕಾರ್ಡ್ ಮಾಡಿಸಲು ಬರುತ್ತಾನೆ. ಹೆಸರು ಪ್ರಕಾಶ ಅನ್ನುತ್ತಾನೆ. ಅಡ್ಡಹೆಸರು ಕೇಳಿದರೆ "ಹೆಸರಷ್ಟ ಸಾಕ್ರಿ" ಅನ್ನುತ್ತಾನೆ.

"ಅಡ್ಡಹೆಸರಿಲ್ಲದ ಕಾರ್ಡ್ ಈ ಊರಾಗ ಯಾರೂ ಇಟ್ಕೊಳ್ಳಂಗಿಲ್ರಿ."

"ಹಂಗಾದ್ರ ನೀವ ಒಂದು ಹಾಕ್ರಿ."

ಅವಳು ತಮಾಷೆಗೆ "ಮೆಣಸಿನಕಾಯಿ" ಅಂತ ಟೈಪ್ ಮಾಡುತ್ತಾಳೆ. ಅವನು ಸ್ಕ್ರೀನ್ ನೋಡಿ, ನಗದೆ, "ಇರ್ಲಿ ಬಿಡ್ರಿ" ಅನ್ನುತ್ತಾನೆ. ಇನ್ನೂರು ಕಾರ್ಡ್ ಅಚ್ಚಾಗುತ್ತವೆ. ಅಂದಿನಿಂದ ಅವನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಕಾಶ ಮೆಣಸಿನಕಾಯಿ.

ಅಪರಿಚಿತ ನಾಯಕಿಯ ಬದುಕಿಗೆ ಬರುವ ಮೊದಲ ದೃಶ್ಯದಲ್ಲಿ ಪ್ರೀತಿಯ ಬೀಜ, ಅಪಾಯದ ಬೀಜ ಎರಡೂ ಒಂದೇ ಕೆಲಸದಲ್ಲಿ ಇರಬೇಕು ಅಂತ ನಾನು ಹೇಳೋದು ಇದಕ್ಕೇ. ಸುಳ್ಳು ಹೆಸರು ಅವನು ತಂದದ್ದಲ್ಲ, ಅವಳೇ ಕೊಟ್ಟದ್ದು. ಮುಂದೆ ಅನುಮಾನ ಬಂದಾಗ ಅವಳು ಸುಲಭವಾಗಿ ಯಾರ ಹತ್ತಿರವೂ ಹೇಳಿಕೊಳ್ಳಲಾರಳು.

ಅವಳು ಅವನನ್ನು ಯಾಕೆ ಪ್ರೀತಿಸುತ್ತಾಳೆ? ಕಣ್ಣು, ಎತ್ತರ, ದನಿ ಇವೆಲ್ಲ ಸಾಲೋದಿಲ್ಲ. ಅವಳಿಗೆ ಹುಟ್ಟಿದಾಗಿನಿಂದ ಯಾರ ಮಗಳು, ಯಾವ ಓಣಿ, ಮದುವೆ ಯಾವಾಗ ಅಂತ ಕೇಳಿಸಿಕೊಂಡು ಸಾಕಾಗಿದೆ. ಇವನು ಏನನ್ನೂ ಕೇಳೋದಿಲ್ಲ. ಆ ಸುಮ್ಮನಿರುವಿಕೆ ಅವಳಿಗೆ ಗೌರವದ ಹಾಗೆ ಕಾಣುತ್ತದೆ, ಅವನ ಜೊತೆ ಕೂತಾಗ ಮಾತ್ರ ಅವಳಿಗೆ ಉಸಿರು ಹಗುರಾಗುತ್ತದೆ. ಕಥೆಯ ಮಧ್ಯಕ್ಕೆ ಬಂದಾಗ ಗೊತ್ತಾಗಬೇಕು: ಅವನು ಕೇಳಲಿಲ್ಲ, ಯಾಕಂದ್ರೆ ಅವನಿಗೆ ಎಲ್ಲ ಮೊದಲೇ ಗೊತ್ತಿತ್ತು. ಯಾವ ಗುಣಕ್ಕೆ ಅವಳು ಮನಸ್ಸು ಕೊಟ್ಟಳೋ ಅದೇ ಗುಣ ಅವಳ ನಿದ್ದೆ ಕೆಡಿಸಬೇಕು. ಇದೊಂದು ಕೂಡಿಬಂದರೆ ಉಳಿದ ದೋಷಗಳನ್ನು ಓದುಗರು ಕ್ಷಮಿಸುತ್ತಾರೆ.

ಸುಳಿವುಗಳನ್ನು ಇಲ್ಲಿನ ಬದುಕಿನಿಂದಲೇ ತೆಗೆಯಿರಿ. ರಕ್ತದ ಕಲೆ, ಅರ್ಧ ಸುಟ್ಟ ಪತ್ರ ಬೇಡ. ಪ್ರಕಾಶ ಒಂದು ದಿನ ರೇಣುಕಾಳ ಮನೆಗೆ ಊಟಕ್ಕೆ ಬರುತ್ತಾನೆ. ಒಗ್ಗರಣೆಗೆ ಅವ್ವ ಮೆಣಸಿನಕಾಯಿ ಮುರಿಯುವಾಗ "ಬ್ಯಾಡಗಿ ಕಾಯಿ ಅಲ್ಲೇನ್ರಿ, ಖಾರ ಭಾಳ ಇರ್ತದ, ಕಡಿಮಿ ಹಾಕ್ರಿ" ಅನ್ನುತ್ತಾನೆ. ಅವ್ವ ಒಮ್ಮೆ ತಲೆ ಎತ್ತಿ ನೋಡುತ್ತಾಳೆ. ಏನೂ ಅನ್ನೋದಿಲ್ಲ, ಮತ್ತೆ ಎರಡು ಕಾಯಿ ಮುರಿದು ಹಾಕುತ್ತಾಳೆ. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿರೋದು ಬಣ್ಣಕ್ಕೆ, ಖಾರಕ್ಕಲ್ಲ, ಅದರಲ್ಲೂ ಸುಕ್ಕು ಸುಕ್ಕಾದ ಡಬ್ಬಿ ಕಾಯಿ. ಆ ಮಾರ್ಕೆಟ್ಟಿನಲ್ಲಿ ವ್ಯಾಪಾರ ಮಾಡುವವನು ಇಂಥ ಮಾತು ಆಡೋದಿಲ್ಲ. ನಮ್ಮ ಕಡೆಯ ಓದುಗರಿಗೆ ಇಷ್ಟೇ ಸಾಕು. ಮೈಸೂರಿನವರಿಗೂ ತಿಳಿಯಲಿ ಅಂತಿದ್ದರೆ ಐದಾರು ಅಧ್ಯಾಯ ಹಿಂದೆ, ಖಾರದ ಪುಡಿ ಮಾಡಿಸುವ ನೆರೆಮನೆಯವರ ಬಾಯಲ್ಲಿ "ಬಣ್ಣಕ್ಕ ಬ್ಯಾಡಗಿ, ಖಾರಕ್ಕ ಗುಂಟೂರು" ಅಂತ ಒಂದು ಮಾತು ಹಾಕಿಬಿಡಿ. ಊಟದ ದೃಶ್ಯದಲ್ಲಿ ಮಾತ್ರ ದಯವಿಟ್ಟು ವಿವರಿಸಬೇಡಿ.

ಕಥೆ ಈ ಕಾಲದ್ದಾದರೆ ಫೋನಿನ ಬಗ್ಗೆ ಯೋಚಿಸಲೇಬೇಕು. ಫೋನ್‌ಪೇಯಲ್ಲಿ ದುಡ್ಡು ಹಾಕಲು ಹೋದರೆ ಬ್ಯಾಂಕಿನಲ್ಲಿರುವ ಹೆಸರು ಬರುತ್ತದೆ. ಲಾಡ್ಜಿನಲ್ಲಿ ಆಧಾರ್ ಕೇಳುತ್ತಾರೆ. ಆದ್ದರಿಂದ ಪ್ರಕಾಶ ಯಾವಾಗಲೂ ನೋಟು ಕೊಡುತ್ತಾನೆ, ಹತ್ತು ರೂಪಾಯಿ ಚಹಾಕ್ಕೂ. ಮೊದಲಿಗೆ ಅದು ಹಳೇ ಕಾಲದ ವ್ಯಾಪಾರಿಯ ಅಭ್ಯಾಸ ಅನಿಸಲಿ.

ಜಾಗಗಳನ್ನು ಬರೀ ಚಂದಕ್ಕೆ ತರಬೇಡಿ, ಅವು ಪಾತ್ರಗಳನ್ನು ಕಟ್ಟಿಹಾಕಬೇಕು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ತನ್ನದೇ ದಾರಿಯಲ್ಲಿ ಓಡುತ್ತದೆ, ಬಾಗಿಲು ತೆರೆಯೋದು ನಿಲ್ದಾಣದ ಪ್ಲಾಟ್‌ಫಾರ್ಮಿಗೇ. ಹಿಂದಿನ ಸೀಟಿನಲ್ಲಿ ಯಾರೋ ಅವನ ನಿಜವಾದ ಹೆಸರು ಹಿಡಿದು ಕರೆದರೆ ಮುಂದಿನ ನಿಲ್ದಾಣದವರೆಗೆ ಇಳಿಯುವ ಹಾಗಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆಯಾಯಿತು, ಜಗತ್ತಿನಲ್ಲೇ ಉದ್ದದ್ದು. ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಲು ಹದಿನೈದು-ಇಪ್ಪತ್ತು ನಿಮಿಷ ಬೇಕು. ಅವನು ಯಾರೋ ಹೆಂಗಸಿನ ಜೊತೆ ನಿಂತದ್ದು ದೂರದಿಂದ ಕಂಡಾಗ ರೇಣುಕಾ ಅಷ್ಟೂ ದೂರ ನಡೆಯಬೇಕು. ಓದುಗರನ್ನೂ ನಡೆಸಿ. ಕಪ್ಪತಗುಡ್ಡ, ಉಣಕಲ್ ಕೆರೆ ಕೂಡ ಇವೆ, ಆದರೆ ಜನರ ನಡುವೆ ಹುಟ್ಟುವ ಭಯ ನನಗೆ ಹೆಚ್ಚು ಇಷ್ಟ.

ಇನ್ನೊಂದು ವಿಷಯದಲ್ಲಿ ಮಾತ್ರ ನಾನು ರಾಜಿಯಾಗೋದಿಲ್ಲ. ಬೇಡ ಅಂದರೂ ಹಿಂದೆ ಬೀಳೋದು, ಕೈ ಹಿಡಿದು ಎಳೆಯೋದು, ಫೋನ್ ಕಸಿದು ನೋಡೋದು ಇವನ್ನು ಪ್ರೀತಿ ಅಂತ ಬರೆಯಬೇಡಿ. ಇಂಥದ್ದನ್ನು ಓದಿ ನಂಬುವ ಹದಿನೇಳು, ಹದಿನೆಂಟರ ಹುಡುಗಿಯರಿದ್ದಾರೆ. ಅವನು ಹಾಗೆ ಮಾಡುತ್ತಾನಾ, ಮಾಡಲಿ. ಆದರೆ ರೇಣುಕಾಗೆ ಅದು ತಪ್ಪು ಅಂತ ಗೊತ್ತಿರಬೇಕು, ಕಥೆಗೂ ಗೊತ್ತಿರಬೇಕು. ಅವಳು ಠಾಣೆಗೆ ಹೋಗುವ ದೃಶ್ಯ ಇದ್ದರೆ ಕಾನೂನು ಸರಿಯಾಗಿ ಬರೆಯಿರಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೆಣ್ಣಿನ ಬೆನ್ನು ಹತ್ತಿ ಕಾಡೋದು ಅದರ 78ನೇ ಕಲಂ, ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು. ಜನ ಈಗಲೂ ಫೋರ್ ಟ್ವೆಂಟಿ ಅಂತಲೇ ಬೈಯುತ್ತಾರೆ, ಅದು ಮಾತಿನಲ್ಲಿ ಇರಲಿ. ಎಫ್‌ಐಆರ್‌ನಲ್ಲಿ ವಂಚನೆ ಈಗ 318.

ನಿಜ ಹೊರಬೀಳೋದು ನಾಯಕಿಯ ಸ್ವಂತ ಜಾಣ್ಮೆಯಿಂದ ಆಗಬೇಕು, ಆಕಸ್ಮಿಕವಾಗಿ ಸಿಕ್ಕ ಡೈರಿಯಿಂದಲ್ಲ. ರೇಣುಕಾ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಹಳೇ ಮದುವೆ ಕಾರ್ಡುಗಳ ಫೈಲ್ ತೆಗೆಯುತ್ತಾಳೆ. ಅವನು ಮಾತಿನ ನಡುವೆ ಬಿಟ್ಟುಕೊಟ್ಟ ಒಂದು ಊರಿನ ಹೆಸರು, ಒಂದು ದೇವರ ಹೆಸರು ಹಿಡಿದು ಹುಡುಕುತ್ತಾಳೆ. ಸಿಗುತ್ತದೆ. ಮೂರು ವರ್ಷದ ಹಿಂದೆ ಅವಳೇ ಟೈಪ್ ಮಾಡಿದ ಕಾರ್ಡ್. ವರ ಅವನು. ವಧು ಈಗ ಕಾಣೆಯಾಗಿದ್ದಾಳೆ. ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಇದೇ ಪ್ರೆಸ್ಸಿನ ಹೆಸರು. ಇಲ್ಲಿ ಯಾರಿಗಾದರೂ ತನ್ನ ನೆನಪಿದೆಯಾ ಅಂತ ನೋಡಲೆಂದೇ ಅವನು ಆ ಮಧ್ಯಾಹ್ನ ಬಂದಿದ್ದ. ನನ್ನ ಒಂದು ಪುಟದ ನಿಜದಲ್ಲಿ ಅವನು ಹೆಂಡತಿಯನ್ನು ಕೊಂದಿಲ್ಲ, ಕೊಂದವರು ಯಾರು ಅಂತ ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ. ನಿಮ್ಮದು ಬೇರೆ ಇರಬಹುದು. ಆದರೆ ಕೊನೆಗೆ ಅವನೇ ಪೊಲೀಸ್ ಅಧಿಕಾರಿಯಾಗಿದ್ದ ಅಂತ ಮಾತ್ರ ಮಾಡಬೇಡಿ. ಅಷ್ಟು ದಿನ ಹೆದರಿದ ಓದುಗರಿಗೆ ಅದು ಮೋಸ.

ಬರೆದು ಮುಗಿದ ಮೇಲೆ ಪ್ರಿಂಟ್ ತೆಗೆದು ಇಬ್ಬರಿಗೆ ಕೊಡಿ, ಒಬ್ಬರು ನಮ್ಮ ಕಡೆಯವರು, ಒಬ್ಬರು ಹೊರಗಿನವರು. ಅವನ ಮೇಲೆ ಮೊದಲು ಅನುಮಾನ ಬಂದ ಸಾಲಿಗೆ ಪೆನ್ಸಿಲ್ ಗುರುತು ಹಾಕಲು ಹೇಳಿ, ಅವನು ಇಷ್ಟವಾದ ಸಾಲಿಗೂ ಹಾಕಲು ಹೇಳಿ. ಅನುಮಾನದ ಗುರುತು ಮೊದಲು ಬಿದ್ದಿದ್ದರೆ ಪ್ರೆಸ್ಸಿನ ದೃಶ್ಯಕ್ಕೆ ವಾಪಸ್ ಹೋಗಿ, ಅಲ್ಲಿಂದ ತಿದ್ದಿ.